ಸತ್ತವರಿಗೆ ಬಿಟ್ಟ ಬಣ್ಣ

ಬಣ್ಣ ಬಣ್ಣದ ಊಟ ಮಾಡಿರಿ ಎಂದು ಊರೂರು ತಿರುಗಿ ಹೇಳುವುದು ನನ್ನ ಕೆಲಸ. ಮನೆ ಗದ್ವಾಲದಲ್ಲಿ. ವಾರಕ್ಕೊಮ್ಮೆಯಾದರೂ ನಾರಾಯಣಪೇಟೆ, ಮಕ್ತಲ್, ಗಟ್ಟು ಅಂತ ಬಸ್ಸು ಹತ್ತುತ್ತೇನೆ. ಹೆಂಗಸರು ಕೂಡಿದ ಕಡೆ ಒಂದು ಬದನೆಕಾಯಿ ಹೆಚ್ಚಿ, ಒಂದು ಹೋಳಿನ ಮೇಲೆ ನಿಂಬೆರಸ ಸವರಿ, ಇನ್ನೊಂದನ್ನು ಹಾಗೇ ಬಿಟ್ಟು ಮಾತು ಶುರು ಮಾಡುತ್ತೇನೆ. ಮಾತು ಮುಗಿಯುವುದರೊಳಗೆ ಬಿಟ್ಟ ಹೋಳು ಕಪ್ಪಾಗಿರುತ್ತದೆ, ರಸ ಸವರಿದ್ದು ಬಿಳುಪಾಗೇ ಇರುತ್ತದೆ. ಒಮ್ಮೆ ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಒಬ್ಬ ಮುದುಕಿ ಆ ಕಪ್ಪು ಹೋಳನ್ನು ಮುಟ್ಟಲೂ ಒಪ್ಪದೆ, 'ದೀನ್ನಿ ಎವರೋ ತಿನ್ನಾರಮ್ಮಾ' ಅಂದಳು. ಇದನ್ನು ಯಾರೋ ಆಗಲೇ ತಿಂದಿದ್ದಾರೆ ಎಂದು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮುದುಕಿ ಹೇಳಿದ್ದು ಪೂರಾ ಸುಳ್ಳಲ್ಲ. ನಮ್ಮನ್ನು ಬದುಕಿಸುವ ಗಾಳಿಯೇ ಎಲ್ಲವನ್ನೂ ಮೆಲ್ಲಗೆ ತಿನ್ನುತ್ತದೆ. ಕಬ್ಬಿಣ ತುಕ್ಕು ಹಿಡಿಯುವುದು, ಶೇಂಗಾ ಎಣ್ಣೆ ಕಮಟು ವಾಸನೆ ಹೊಡೆಯುವುದು, ಹೆಚ್ಚಿದ ಬದನೆ ಕಪ್ಪಾಗುವುದು, ಎಲ್ಲ ಅದರ ಕೆಲಸ. ನಮ್ಮ ಮೈಯೊಳಗೂ ಅಂಥದೊಂದು ತಿನ್ನಾಟ ನಡೆದೇ ಇರುತ್ತದೆ. ಅದಕ್ಕೆ ಅಡ್ಡ ನಿಲ್ಲುವ ಸತ್ವಗಳನ್ನು ಆಂಟಿಆಕ್ಸಿಡೆಂಟ್ ಅನ್ನುತ್ತಾರೆ. ನಾನು ಹಳ್ಳಿಗಳಲ್ಲಿ ತುಕ್ಕು ತಡೆಯುವ ಸತ್ವ ಅಂತ ಹೇಳುತ್ತೇನೆ. ಅದು ಅಂಗಡಿಯ ಗುಳಿಗೆ ಡಬ್ಬಿಯಲ್ಲಿ ಇರುವುದಕ್ಕಿಂತ ಸೊಪ್ಪಿನಲ್ಲಿ, ಹಣ್ಣಿನಲ್ಲಿ, ನೆಲ್ಲಿಕಾಯಿಯಲ್ಲಿ, ಕೆಂಪು ಸಿಪ್ಪೆಯ ಶೇಂಗಾದಲ್ಲಿ ಚೆನ್ನಾಗಿರುತ್ತದೆ. ಬಹಳ ಸಲ ಬಣ್ಣವೇ ಅದರ ಗುರುತು. ತಿಂದರೆ ಯಾವ ರೋಗವೂ ಬರುವುದಿಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಹಾಗೆ ಹೇಳುವವರು ಡಬ್ಬಿ ಮಾರುವವರು.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂತಾರಲ್ಲ, ನಾನಂತೂ ಶಾಸ್ತ್ರಕ್ಕೂ ಬದನೆಕಾಯಿಯನ್ನೇ ಹಿಡಿದವಳು. ಆದರೆ ದೀಪದ ಬುಡದಲ್ಲಿ ಕತ್ತಲೆ ಇತ್ತು. ಹೋದ ವರ್ಷ ಮಕ್ತಲ್‌ನಿಂದ ಕೃಷ್ಣಾ ಕಡೆ ಹೋಗುವ ದಾರಿಯಲ್ಲಿರುವ ನನ್ನ ತವರಿನಲ್ಲಿ ನನ್ನ ತಾಯಿಯ ತಟ್ಟೆಯಿಂದ ಬಣ್ಣಗಳು ಒಂದೊಂದಾಗಿ ಹೊರಟುಹೋದವು. ಕಡೆಗೆ ಬರೀ ಬಿಳಿ ಉಳಿಯಿತು.

ಇದನ್ನು ಹೇಳುವ ಮೊದಲು ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಾವು ಬೀರಪ್ಪನ ಒಕ್ಕಲು, ಕುರಿ ಕಾಯುತ್ತ ಬಂದು ಹೊಲಕ್ಕೆ ನಿಂತವರು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಅವರು ಆಸೆಪಟ್ಟು ತಿನ್ನುತ್ತಿದ್ದ ಒಂದು ಪದಾರ್ಥವನ್ನು ಹತ್ತಿರದವರು ವರ್ಷದ ಮಟ್ಟಿಗೆ ಬಿಡುತ್ತಾರೆ. ಅದು ಸತ್ತವರ ಪಾಲು. ಜೀವ ಇನ್ನೂ ಮನೆಯ ಸುತ್ತಮುತ್ತ ಇರುತ್ತದೆ, ಅದರ ಬಾಯಿಯ ರುಚಿ ಆರಿರುವುದಿಲ್ಲ, ನಾವು ತಿಂದರೆ ಅದರ ಬಾಯಿಂದ ಕಿತ್ತುಕೊಂಡ ಹಾಗೆ. ವರ್ಷ ತುಂಬಿದ ಮೇಲೆ ಹಿರಿಯರ ಅಮಾವಾಸ್ಯೆ ಬರುತ್ತದೆ. ನಮ್ಮ ಕಡೆ ತೆಲುಗಿನವರ ಹಾಗೆ ಪೆತ್ರಮಾಸ ಅನ್ನುತ್ತಾರೆ. ಅಂದು ಒಳಮನೆಯಲ್ಲಿ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ, ನಾವೆಲ್ಲ ಹೊರಗೆ ಕೂಡುತ್ತೇವೆ. ಅದು ಹಿರಿಯರು ಉಣ್ಣುವ ಹೊತ್ತು. ಆಮೇಲೆ ಬಾಗಿಲು ತೆರೆದು, ಆ ಮನೆಯಲ್ಲಿ ಹುಟ್ಟಿ ಮದುವೆಯಾಗಿ ಹೊರಗೆ ಹೋದ ಮಗಳು ಎಡೆಯಿಂದ ಒಂದು ತುತ್ತು ತೆಗೆದು ಬಿಟ್ಟವರ ಬಾಯಿಗೆ ಇಡಬೇಕು. ಅದಕ್ಕೆ ಬಾಯಿ ಬಿಡಿಸುವುದು ಅನ್ನುತ್ತಾರೆ. ಆ ತುತ್ತಿನ ಮೇಲೆ ಸತ್ತವರೂ ಬಿಡುಗಡೆ, ಇದ್ದವರೂ ಬಿಡುಗಡೆ.

ಚಿಕ್ಕವಳಿದ್ದಾಗ ಒಮ್ಮೆ ಆ ಮುಚ್ಚಿದ ಬಾಗಿಲಿಗೆ ಕಿವಿ ಹಚ್ಚಿದ್ದೆ. ಮಧ್ಯಾಹ್ನದ ಬಿಸಿಲು, ಓಣಿಯಲ್ಲಿ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಒಳಗೆ ಯಾರೋ ಹಿತ್ತಾಳೆ ತಟ್ಟೆಯನ್ನು ಬೆರಳಿಂದ ಬಳಿಯುವ ಸದ್ದು ಕೇಳಿತು. ಇಲಿ ಅಂದುಕೊಂಡೆ. ಈಗಲೂ ಯಾರು ಕೇಳಿದರೂ ಇಲಿ ಎಂದೇ ಹೇಳುತ್ತೇನೆ. ಆದರೆ ಇಲಿ ತಟ್ಟೆ ಬಳಿದ ಮೇಲೆ ತೇಗುವುದಿಲ್ಲ.

ಆ ಕಾಲದಲ್ಲಿ ನಮ್ಮ ಮನೆಯ ಬಾಯಿ ಬಿಡಿಸುವಾಕೆ ನನ್ನ ಸೋದರತ್ತೆ, ಅಪ್ಪನ ಅಕ್ಕ. ಧನ್ವಾಡಕ್ಕೆ ಕೊಟ್ಟಿದ್ದರು. ಪ್ರತಿ ಪೆತ್ರಮಾಸಕ್ಕೂ ಬರುತ್ತಿದ್ದಳು. ಅಜ್ಜ ಸತ್ತಾಗ ಬಿಟ್ಟ ನಿಂಬೆಹಣ್ಣು, ಅಜ್ಜಿ ಸತ್ತಾಗ ಬಿಟ್ಟ ನೆಲ್ಲಿಕಾಯಿ, ಎಲ್ಲವನ್ನೂ ನನ್ನ ತಾಯಿಯ ಬಾಯಿಗೆ ಅವಳೇ ಮರಳಿ ಇಟ್ಟವಳು. ನನ್ನ ಹಿಂದೆ ಹುಟ್ಟಿ, ಹಲ್ಲು ಮೂಡುವ ಹೊತ್ತಿಗೆ ತೀರಿಕೊಂಡ ತಂಗಿಯದೊಂದನ್ನು ಮಾತ್ರ ಅವ್ವ ಬಿಡಿಸಿಕೊಳ್ಳಲಿಲ್ಲ. ಆ ಕೂಸು ಒಸಡು ಕಡಿಯುತ್ತಿದೆ ಅಂತ ಯಾವಾಗಲೂ ಗಜ್ಜರಿಯ, ಅಂದರೆ ಕ್ಯಾರೆಟ್ಟಿನ, ಒಂದು ತುಂಡು ಹಿಡಿದು ಚೀಪುತ್ತಿತ್ತು. ಅವ್ವ ಗಜ್ಜರಿ ತಿಂದದ್ದನ್ನು ನಾನು ನೋಡಿಯೇ ಇಲ್ಲ.

ಮುಂದೆ ಅಪ್ಪ ತೀರಿಕೊಂಡ. ಅಪ್ಪನದು ಪುಂಡಿ ಪಲ್ಯ. ಗೋಂಗೂರ ಎಂದು ತೆಲುಗಿನವರು ಪ್ರಾಣ ಬಿಡುವ ಆ ಹುಳಿ ಸೊಪ್ಪಿಲ್ಲದೆ ಅವನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವ್ವ ಪುಂಡಿ ಬಿಟ್ಟಳು. ತಮ್ಮನೂ ಬಿಟ್ಟ, ವರ್ಷ ತುಂಬಿದ ಮರುದಿನವೇ ಮಕ್ತಲ್‌ನ ಹೋಟೆಲಿನಲ್ಲಿ ತಿಂದು ಬಾಯಿ ಒರೆಸಿಕೊಂಡು ಬಂದ. ಅವ್ವ ಬಾಯಿ ಬಿಡಿಸುವಾಕೆಗೆ ಕಾದಳು. ಅತ್ತೆ ಆ ವರ್ಷ ಹಾಸಿಗೆ ಹಿಡಿದಿದ್ದಳು. ಬರಲಿಲ್ಲ. ಮುಂದಿನ ವರ್ಷದ ಹೊತ್ತಿಗೆ ಅತ್ತೆಯೇ ಇರಲಿಲ್ಲ. ಅವಳ ಹೆಸರಿನಲ್ಲಿ ಅವ್ವ ಟಮಾಟಿಯನ್ನೂ ಬಿಟ್ಟಳು. ಪ್ರೀತಿಗೆ ಬಿಟ್ಟಿದ್ದಾಳೆ, ಬಿಟ್ಟರೆ ಬಿಡಲಿ, ಊರಲ್ಲಿ ಬೇರೆ ಸೊಪ್ಪು ಬೇರೆ ಕಾಯಿ ಇಲ್ಲವೇ ಅಂದುಕೊಂಡು ನಾನು ಸುಮ್ಮನಿದ್ದೆ.

ಆಮೇಲೆ ಒಂದು ದಿನ ಮಕ್ತಲ್‌ನಲ್ಲಿ ನನ್ನ ಮಾತು ಇತ್ತು. ಸಂತೆಗೆ ಬಂದಿದ್ದ ಅವ್ವ ಹಿಂದಿನ ಸಾಲಿನಲ್ಲಿ ಬಂದು ಕೂತಳು. ನನಗೆ ಅಂದು ವಿಪರೀತ ಹುರುಪು. ಬಣ್ಣ ಬಣ್ಣದ ಪಟ ತೂಗುಹಾಕಿ, ಒಂದೊಂದು ಬಣ್ಣದೊಳಗೆ ಒಂದೊಂದು ಸತ್ವ ಐತಿ ಅಂದೆ. ಪುಂಡಿ ಸಿಗಲಿಲ್ಲವೇ ಮೆಂತ್ಯೆ ತಿನ್ನಿ, ಮೆಂತ್ಯೆ ಸಿಗಲಿಲ್ಲವೇ ರಾಜಗಿರಿ ತಿನ್ನಿ, ಹಸರಂದ್ರ ಎಲ್ಲಾ ಒಂದೇ ಕುಲ ಅಂದೆ. ಹಸಿರಿನೊಳಗೂ ನೂರು ಭೇದಗಳಿವೆ, ಆದರೆ ಕೂತವರ ತಲೆಯಲ್ಲಿ ನಿಲ್ಲಬೇಕಾದರೆ ಹೀಗೇ ಹೇಳಬೇಕು. ಎಲ್ಲರೂ ತಲೆಯಾಡಿಸಿದರು.

ಊರಿಗೆ ಹೋಗುವ ಬಸ್ಸಿನಲ್ಲಿ ಅವ್ವ ಕೇಳಿದಳು.

'ಎಲ್ಲಾ ಹಸರೂ ಒಂದ ಕುಲ ಅಂದೆಲ್ಲ, ಖರೇನ?'

'ಖರೇ ಅವ್ವ.'

'ಆ ಬಣ್ಣ ತಿನ್ನದಿದ್ರ ಏನಾಕ್ಕೈತಿ?'

'ಒಳಗಿಂದ ತುಕ್ಕು ಹಿಡೀತೈತಿ.'

ಅವಳು ಕಿಟಕಿಯ ಕಡೆ ತಿರುಗಿ ಕೂತಳು. ನನ್ನ ತಾಯಿ ನನ್ನ ಮಾತನ್ನು ಮನಸ್ಸಿಗೆ ತೆಗೆದುಕೊಂಡಳಲ್ಲ ಎಂದು ನನಗೆ ಹೆಮ್ಮೆಯಾಗಿತ್ತು.

ಮಳೆಗಾಲ ಶುರುವಾದ ಮೇಲೆ ತಮ್ಮನ ಹೆಂಡತಿ ಫೋನ್ ಮಾಡಿದಳು. ಅವಳು ಸುಮ್ಮನೆ ಫೋನ್ ಮಾಡುವವಳಲ್ಲ.

'ಅಕ್ಕಾರ, ಒಂದೀಟ ಬಂದು ಹೋಗ್ರಿ. ಅತ್ತಿಯವರು ಒಂದೊಂದ ಬಿಡಾಕ ಹತ್ಯಾರ್ರಿ. ಬಾಯಾಗ ರಕ್ತ ಬರ್ತೈತ್ರಿ. ಕಾಲಿಂದ ನಾ ಹೇಳಂಗಿಲ್ಲ, ನೀವ ಬಂದು ನೋಡ್ರಿ.'

ನಾನು ಹೋದಾಗ ಮಧ್ಯಾಹ್ನ. ಅಂಗಳಕ್ಕೆ ಕಾಲಿಡುತ್ತಲೇ ಪುಂಡಿ ಬೇಯುವ ಹುಳಿ ವಾಸನೆ ಬಂತು. ಸದ್ಯ, ಅವ್ವ ಮನಸ್ಸು ಬದಲಿಸಿದಳು ಎಂದುಕೊಂಡು ಅಡುಗೆಮನೆಗೆ ಹೋದರೆ ಒಲೆ ಆರಿತ್ತು, ಗಡಿಗೆಗಳು ಬೋರಲಾಗಿದ್ದವು. ಹಿತ್ತಲಲ್ಲಿ ನೋಡಿದೆ. ಯಾರೂ ಬೀಜ ಹಾಕದ ಕಡೆ, ಬಚ್ಚಲ ನೀರು ಹರಿಯುವ ಅಂಚಿನಿಂದ ಒಳಮನೆಯ ಕಿಟಕಿಯ ತನಕ ಪುಂಡಿ ಎದ್ದು ನಿಂತಿತ್ತು. ಕೆಂಪು ದಂಟು, ಎದೆಯೆತ್ತರ. ಕಿತ್ತು ಹಾಕಿದರೂ ಮತ್ತೆ ಬರುತ್ತದೆ ಎಂದಳು ತಮ್ಮನ ಹೆಂಡತಿ. ಪುಂಡಿ ಬೀಜ ಉದುರಿ ತಾನೇ ಹುಟ್ಟುವುದು ಹೊಸದೇನಲ್ಲ. ಆದರೆ ಗಾಳಿಯಿಲ್ಲದ ಹೊತ್ತಿನಲ್ಲಿ ಆ ಎಲೆಗಳೆಲ್ಲ ಕಿಟಕಿಯ ಕಡೆಗೇ ವಾಲಿದ್ದು ನನಗೆ ಹಿಡಿಸಲಿಲ್ಲ.

ಅವ್ವ ಒಳಮನೆಯ ಹೊಸ್ತಿಲ ಬಳಿ ಗೋಡೆಗೆ ಆತು ಕೂತಿದ್ದಳು. ತೋಳಿನ ಮೇಲೆಲ್ಲ ಯಾರೋ ಬೆರಳಿಂದ ಒತ್ತಿ ಹಿಡಿದ ಹಾಗೆ ನೀಲಿ ಕಲೆಗಳು. ನಕ್ಕಾಗ ಒಸಡು ಕೆಂಪಾಗಿ ಊದಿದ್ದು ಕಂಡಿತು. ಮೊಣಕಾಲ ಕೆಳಗೆ ಅರಿವೆ ಸುತ್ತಿತ್ತು. ಬಿಚ್ಚಿದೆ. ಅವ್ವ ಹುಡುಗಿಯಾಗಿದ್ದಾಗ ಕುರಿ ಹಿಂದೆ ಓಡಿ ಕುಡುಗೋಲಿನ ಮೇಲೆ ಬಿದ್ದ ಗಾಯದ ಗುರುತು ಅಲ್ಲಿತ್ತು. ಅವಳ ಮದುವೆಗೂ ಮುಂಚೆ ಮಾಯ್ದದ್ದು, ನಾನು ಕೂಸಾಗಿದ್ದಾಗ ಬೆರಳಾಡಿಸಿ ಆಡಿದ್ದು. ಆ ಗಾಯ ಮತ್ತೆ ಬಾಯಿ ಬಿಟ್ಟಿತ್ತು. ಮೇಲೆ ಬೀರಪ್ಪನ ಭಂಡಾರ, ಅಂದರೆ ಅರಿಶಿನದ ಪುಡಿ, ದಪ್ಪಗೆ ಮೆತ್ತಿತ್ತು.

'ಎಲ್ಲಾದ್ರೂ ಬಡಕೊಂಡೆನ?'

'ಇಲ್ಲವ್ವ. ತಾನ ತಗದೈತಿ. ನಿಮ್ಮಪ್ಪಗ ದಾರಿ ಗೊತ್ತೈತಲ್ಲ, ಅದಾ ದಾರೀಲೆ ಬರಾಕ ಹತ್ಯಾನ.'

ಇದಕ್ಕೆ ಕಾರಣ ನನಗೆ ಗೊತ್ತಿತ್ತು, ಓದಿದ್ದೆ. ಮಾಯ್ದ ಗಾಯ ಮುಗಿದ ಗಾಯವಲ್ಲ. ಅದನ್ನು ಹಿಡಿದಿಡುವ ಅಂಟನ್ನು ಮೈ ಸದಾ ಹೊಸದಾಗಿ ಕಟ್ಟುತ್ತಲೇ ಇರಬೇಕು. ಅದಕ್ಕೆ ಸಿ ಜೀವಸತ್ವ ಬೇಕು, ತುಕ್ಕು ತಡೆಯುವ ಸತ್ವಗಳಲ್ಲಿ ಅದೂ ಒಂದು. ಹಣ್ಣು ಸೊಪ್ಪು ಪೂರಾ ತಪ್ಪಿ ಅದು ಮೈಯಲ್ಲಿ ತೀರಿಹೋದರೆ ಒಸಡು ಒಡೆಯುತ್ತದೆ, ಹಳೆಯ ಗಾಯಗಳು ಬಿಚ್ಚಿಕೊಳ್ಳುತ್ತವೆ. ಹಾಗೇ ಬಿಟ್ಟರೆ ಜೀವ ಹೋಗುತ್ತದೆ. ಪುಸ್ತಕದಲ್ಲಿ ಓದಿದಾಗ ಅದು ಹಡಗಿನವರ ಹಳೆಯ ರೋಗ. ಇಲ್ಲಿ ಅದು ನನ್ನ ತಾಯಿಯ ಕಾಲು. ಕಾರಣ ಗೊತ್ತಿದ್ದರೂ ನನ್ನ ಹೆದರಿಕೆ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಮಕ್ತಲ್‌ನ ಡಾಕ್ಟರಿಗೆ ತೋರಿಸಿದೆವು. ಅವರೂ ಅದನ್ನೇ ಹೇಳಿ ಚೀಪುವ ಗುಳಿಗೆ ಬರೆದುಕೊಟ್ಟರು. ಹಣ್ಣು ಸೊಪ್ಪು ತಿಂದರೆ ಬೇಗ ಗುಣವಾಗುತ್ತದೆ, ತಡಮಾಡಬೇಡಿ ಅಂದರು. ಗುಳಿಗೆ ಕೇಸರಿ ಬಣ್ಣದ್ದಿತ್ತು. ಅವ್ವ ಎದುರಿಗೆ ಬಾಯಿಗೆ ಹಾಕಿಕೊಂಡಳು. ನಾನು ನಿಶ್ಚಿಂತೆಯಿಂದ ಗದ್ವಾಲಕ್ಕೆ ಮರಳಿದೆ. ವಾರ ಬಿಟ್ಟು ಬಂದರೆ ಗಾಯ ಇನ್ನಷ್ಟು ಅಗಲವಾಗಿತ್ತು. ಒಳಮನೆಯ ಗೋಡೆಯಲ್ಲಿ ಒಂದು ಮಾಡ ಇದೆ, ಸತ್ತ ತಂಗಿಯ ಕಾಲ್ಗೆಜ್ಜೆ ಇಟ್ಟ ಜಾಗ. ಗುಳಿಗೆಗಳೆಲ್ಲ ಆ ಮಾಡದಲ್ಲಿ ಸಾಲಾಗಿದ್ದವು. ಒಂದೆರಡರ ಅಂಚು ಚೀಪಿದ ಹಾಗೆ ಸವೆದಿತ್ತು. ತೇವಕ್ಕೆ ಕರಗಿರಬೇಕು.

ಮುಂದೆ ತಮ್ಮನ ಹೆಂಡತಿ ಒಂದು ಗುಳಿಗೆಯನ್ನು ಪುಡಿ ಮಾಡಿ ಮಜ್ಜಿಗೆಯಲ್ಲಿ ಕದಡಿ ಕೊಟ್ಟಳು. ಬಣ್ಣವೂ ಗೊತ್ತಾಗುತ್ತಿರಲಿಲ್ಲ, ಹುಳಿಯೂ ಮಜ್ಜಿಗೆಯ ಹುಳಿಯೇ. ಅವ್ವ ಲೋಟವನ್ನು ತುಟಿಯ ತನಕ ತಂದು, ಒಳಗೆ ನೋಡಿ, ಮೆಲ್ಲಗೆ ಕೆಳಗಿಟ್ಟಳು.

'ಇದರಾಗ ಯಾರೋ ಅದಾರ.'

ತಮ್ಮನ ಹೆಂಡತಿ ಆ ಲೋಟವನ್ನು ತೊಳೆಯಲಿಲ್ಲ, ಹಿತ್ತಲಿಗೆ ಎಸೆದು ಬಂದಳು. ಪುಂಡಿಯ ಬುಡಕ್ಕೇ ಬಿತ್ತು.

ನನಗೆ ಸಿಟ್ಟು ಬೇಗ ಬರುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಾನು ಬಲ್ಲದ್ದು ಮೊದಲನೆಯದನ್ನು ಮಾತ್ರ. ಒಂದು ಬುಟ್ಟಿ ತುಂಬ ಪೇರಲಹಣ್ಣು, ನಿಂಬೆ, ಬದನೆ, ಬಾಳೆಹಣ್ಣು ತಂದು ಅವ್ವನ ಮುಂದೆ ಇಟ್ಟೆ.

'ಅಪ್ಪಂದು ಪುಂಡಿ. ಇದರಾಗ ಪುಂಡಿ ಎಲ್ಲೈತಿ ತೋರಸು.'

ಅವ್ವ ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿದಳು. ಪೇರಲದ ಸಿಪ್ಪೆ ಹಸಿರು. ನಿಂಬೆಯದೂ ಹಸಿರು. ಬದನೆಯ ತೊಟ್ಟು ಹಸಿರು.

'ಬಾಳೆಹಣ್ಣು ಹಳದಿ ಐತಲ್ಲ' ಅಂದೆ.

'ಹಣ್ಣಾಗೂ ಮೊದ್ಲ ಹಸರಾ ಇತ್ತು.'

'ಹಂಗಂದ್ರ ನೀ ತಿನ್ನೋ ಜ್ವಾಳದ ತೆನೀನೂ ಹೊಲದಾಗ ಹಸರಾ ಇತ್ತು' ಎಂದು ರೇಗಿ ಹೇಳಿಬಿಟ್ಟೆ.

ಅವ್ವ ನನ್ನನ್ನು ನೋಡಿದಳು. ನನ್ನ ಹಿಂದೆ ಯಾರೋ ನಿಂತು ಅವಳಿಗೆ ಹೌದು ಎಂದು ತಲೆಯಾಡಿಸಿದ ಹಾಗೆ ಅವಳ ಕಣ್ಣು ನನ್ನ ಹೆಗಲ ಮೇಲಿಂದ ಹಾಯಿತು. ಮರುದಿನ ರೊಟ್ಟಿ ಬಡಿಸಿದರೆ ಮುಟ್ಟಲಿಲ್ಲ. ನಾನೇ ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಯಿತು. ಇನ್ನು ಉಳಿದದ್ದು ಬಿಳಿ ಅನ್ನ, ಹಾಲು, ಮಜ್ಜಿಗೆ. ಭತ್ತವೂ ಗದ್ದೆಯಲ್ಲಿ ಹಸಿರಾಗೇ ಇರುತ್ತದೆ ಎನ್ನುವುದು ಅವಳಿಗೆ ಹೊಳೆಯದಿರಲಿ ಎಂದು ನಾನು ಬೀರಪ್ಪನಿಗೆ ಹರಕೆ ಹೊತ್ತೆ. ಅಲ್ಲಿಂದ ಮುಂದೆ ಅವಳೆದುರು ಊಟದ ಮಾತನ್ನೇ ಎತ್ತಲಿಲ್ಲ. ಬಾಯಿ ತೆರೆದರೆ ಇನ್ನೊಂದು ಹೋಗುತ್ತದೆ ಎಂಬ ಭಯ.

ತಮ್ಮನ ಹೆಂಡತಿಯೇ ಒಂದು ಮಧ್ಯಾಹ್ನ, ಅವ್ವನ ತಲೆ ಬಾಚುತ್ತ, ಮೆಲ್ಲಗೆ ಕೇಳಿದಳು.

'ಅತ್ತೀ, ಮಾವನೋರದು ಪುಂಡಿ ಒಂದ ಅಲ್ಲೇನ್ರಿ? ಎಲ್ಲಾ ಹಸರು ಯಾಕ ಬಿಟ್ರಿ?'

'ಹಸರೆಲ್ಲಾ ಒಂದ ಕುಲ ಅಂತ ನನ್ನ ಮಗಳ ಹೇಳ್ಯಾಳಲ್ಲ, ಮಕ್ತಲದಾಗ. ನಾ ಪುಂಡಿ ಅವಗ ಬಿಟ್ಟೀನಿ ಅಂದ್ಕೊಂಡಿದ್ದೆ. ಹಿಂದಿನ ಬಾಗಲಾ ತಗದು ಮೆಂತ್ಯೆ ತಿನ್ನಾಕ ಹತ್ತಿದ್ದೆ. ಅದಾ ಸತ್ವಾ, ಅದಾ ಕುಲ. ಅವನ ಪಾಲು ಕದ್ದಂಗ ಅಲ್ಲೇನು? ಟಮಾಟಿ ನನ್ನ ಮಕ್ಕಳ ಸೋದರತ್ತೀದು, ಅಂದ್ರ ಕೆಂಪೆಲ್ಲ ಅಕೀದು. ಕೂಸಿಂದು ಗಜ್ಜರಿ ಬಣ್ಣ. ಹಳದಿ ಬೀರಪ್ಪಂದು.'

ನಾನು ಹೊರಗೆ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡೆ. ಮಕ್ತಲ್‌ನ ಹುರುಪು, ತೂಗುಹಾಕಿದ ಪಟ, ಬಸ್ಸಿನ ಕಿಟಕಿ ಎಲ್ಲ ಕಣ್ಣ ಮುಂದೆ ಬಂತು. ಊರಿನ ಹೆಂಗಸರೆಲ್ಲ ನನ್ನ ಮಾತು ಕೇಳಿ ಮನೆಗೆ ಹೋಗಿ ಎಂದಿನಂತೆ ಉಂಡಿದ್ದರು. ಅದನ್ನು ಪೂರ್ತಿ ನಂಬಿದವಳು ನನ್ನ ತಾಯಿ ಒಬ್ಬಳೇ.

ಒಳಗೆ ಹೋಗಿ ಅವಳ ಮುಂದೆ ಕೂತೆ.

'ಪೆತ್ರಮಾಸ ಬಂತಲ್ಲವ್ವ. ನಾನ ಈ ಮನಿ ಮಗಳು. ನಾನ ಬಾಯಿ ಬಿಡಸ್ತೀನಿ.'

'ಬ್ಯಾಡ.'

'ಯಾಕ?'

ಅವ್ವ ಕಾಲಿನ ಅರಿವೆ ಸರಿ ಮಾಡಿಕೊಂಡಳು. ಆಮೇಲೆ ಹೇಳಿದಳು.

'ಬಾಯಿ ಬಿಡಿಸಿದಾಕಿ ಬಾಯಿ ಕಟ್ಟತೈತಿ. ನಾ ಬಿಟ್ಟಿದ್ದು ಅಕಿ ಹೊರಬೇಕು, ಅಕಿ ಇರೋತನಕ. ಹೆಣ್ಣಮಕ್ಕಳ ಮುಂದ ಅದನ್ನ ಹೇಳಂಗಿಲ್ಲ. ನಿಮ್ಮತ್ತಿ ಯಾರಿಗೂ ಹೇಳದ ಹೊತ್ತಳು. ನಿಂಬಿ ಹೊತ್ತಳು, ನೆಲ್ಲಿ ಹೊತ್ತಳು, ಯಾರ್ಯಾರದೋ ಎಲ್ಲಾ ಹೊತ್ತಳು. ಕಡೀಕ ಅಕಿ ಕೈ ನೋಡಿದೆಲ್ಲ ನೀನು.'

ನೋಡಿದ್ದೆ. ಧನ್ವಾಡಕ್ಕೆ ಕಡೆಯ ಸಲ ಹೋದಾಗ ಅತ್ತೆಯ ಅಂಗೈಗೆ ಅರಿವೆ ಸುತ್ತಿತ್ತು. ಏನಾಯಿತು ಅಂದರೆ, ಹಳೇದು, ಮತ್ತೆ ತಗದೈತಿ ಅಂದಿದ್ದಳು. ತಟ್ಟೆಯಲ್ಲಿ ಅನ್ನ ಮಜ್ಜಿಗೆ. ವಯಸ್ಸಾಯಿತು, ಹಲ್ಲಿಲ್ಲ, ಮೆತ್ತಗಿನದು ಉಣ್ಣುತ್ತಾಳೆ ಅಂದುಕೊಂಡಿದ್ದೆ. ಅವಳು ಸತ್ತದ್ದು ಬೇರೆ ಯಾವುದೋ ಕಾಯಿಲೆಗೆ ಇರಬಹುದು. ಯಾರೂ ಪರೀಕ್ಷೆ ಮಾಡಿಸಲಿಲ್ಲ. ನಾನು ಆ ಅಂಗೈಯನ್ನು ನೋಡಿ ಲೊಚಗುಟ್ಟಿ, ಚಹಾ ಕುಡಿದು ಬಂದಿದ್ದೆ.

'ಬಣ್ಣ ಬಿಟ್ರ ಒಳಗಿಂದ ತುಕ್ಕು ಹಿಡೀತೈತಿ ಅಂತ ನೀನ ಹೇಳೀಯಲ್ಲ' ಅಂದಳು ಅವ್ವ. 'ಅದನ್ನ ನಿನ್ನ ತಲಿ ಮ್ಯಾಲ ಹೆಂಗ ಹೊರಸಲಿ? ನನಗ ಹಿಡೀಲಿ ಬಿಡು. ನಾ ಹಳೀ ಕಬ್ಬಿಣ.'

ನನಗೆ ಅಳು ಬಂತು. ಬಹಳ ದಿನಗಳ ಮೇಲೆ, ಸಣ್ಣ ಹುಡುಗಿಯ ಹಾಗೆ ಸದ್ದು ಮಾಡಿ ಅತ್ತುಬಿಟ್ಟೆ. ಅವಳು ನನ್ನ ಮೇಲೆ ಸಿಟ್ಟಾಗಿದ್ದಾಳೆ, ಹಠ ಹಿಡಿದಿದ್ದಾಳೆ, ಮೂಢಳು ಎಂದೆಲ್ಲ ಅಂದುಕೊಂಡಿದ್ದೆ. ಅವಳು ನನ್ನನ್ನು ಕಾಯುತ್ತ ಕೂತಿದ್ದಳು.

ಪೆತ್ರಮಾಸ ಬಂತು. ತಮ್ಮನ ಹೆಂಡತಿ ಹಿತ್ತಲ ಪುಂಡಿಯನ್ನೇ ಕೊಯ್ದು ಪಲ್ಯ ಮಾಡಿದಳು. ಟಮಾಟಿ ಚಟ್ನಿ ಮಾಡಿದಳು. ಕೂಸಿನ ಹೆಸರಿಗೆ ಒಂದು ಗಜ್ಜರಿ ತೊಳೆದು ಇಟ್ಟಳು. ಒಳಮನೆಯಲ್ಲಿ ಹಿತ್ತಾಳೆ ತಟ್ಟೆಗಳಲ್ಲಿ ಎಡೆ ಇಟ್ಟು, ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿ ಹೊರಗೆ ಕೂತೆವು. ಸುಡುವ ಬಿಸಿಲು. ಅವ್ವ ಗೋಡೆಗೆ ಆತಿದ್ದಳು, ಅರಿವೆಯಿಂದ ಅರಿಶಿನದ ನೀರು ಇಳಿದು ಪಾದಕ್ಕೆ ಬಂದಿತ್ತು. ನಾನು ಕಿವಿ ಹಚ್ಚಲಿಲ್ಲ, ಹಚ್ಚುವ ಅಗತ್ಯವೂ ಇರಲಿಲ್ಲ. ಹಿತ್ತಾಳೆಯ ಮೇಲೆ ಬೆರಳು ಎಳೆಯುವ ಆ ಸದ್ದು ನನಗೆ ಕೂತಲ್ಲಿಗೇ ಬಂತು. ತಮ್ಮನ ಹೆಂಡತಿ ಸೆರಗಿನ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಅವಳಿಗೂ ಕೇಳಿತ್ತು.

ಬಾಗಿಲು ತೆರೆದಾಗ ದೀಪ ಉರಿಯುತ್ತಲೇ ಇತ್ತು. ಎಡೆಗಳು ಇಟ್ಟ ಹಾಗೇ ಇದ್ದವು, ಅಪ್ಪನ ತಟ್ಟೆಯ ಪುಂಡಿ ಮಾತ್ರ ಕಪ್ಪಾಗಿತ್ತು. ಹುಳಿ ಪದಾರ್ಥ ಹಿತ್ತಾಳೆಯಲ್ಲಿ ಇಟ್ಟರೆ ಕಂದುತ್ತದೆ, ಅದನ್ನು ನಾನೇ ಎಷ್ಟೋ ಕಡೆ ಹೇಳಿದ್ದೇನೆ. ಆದರೆ ಕಪ್ಪು ಒಂದು ಬದಿಗೆ ಮಾತ್ರ ಇತ್ತು, ಅಪ್ಪ ಯಾವಾಗಲೂ ತುತ್ತು ಮುರಿಯುತ್ತಿದ್ದ ಎಡಗಡೆಗೆ. ಇನ್ನೊಂದು ಬದಿ ಆಗಷ್ಟೇ ಒಲೆಯಿಂದ ಇಳಿಸಿದ ಹಾಗಿತ್ತು. ನಾರಾಯಣಪೇಟೆಯ ಮುದುಕಿಯ ಮಾತು ನೆನಪಾಯಿತು.

ಪಲ್ಯವನ್ನು ಸ್ಟೀಲ್ ತಟ್ಟೆಗೆ ಹಾಕಿಸದಿದ್ದದ್ದು ನನ್ನ ತಪ್ಪು ಅಂದುಕೊಳ್ಳುತ್ತ, ಚೆನ್ನಾಗಿದ್ದ ಬದಿಯಿಂದ ತುತ್ತು ತೆಗೆದೆ. ಅವ್ವ ತುಟಿ ಬಿಗಿದು ಮುಖ ತಿರುಗಿಸಿದಳು. ನಾನು ಅವಳ ಕಡೆಗಲ್ಲ, ಎಡೆಯ ಕಡೆಗೆ ತಿರುಗಿ ಮಾತಾಡಿದೆ. ಜೋರಾಗೇ ಮಾತಾಡಿದೆ.

'ಅಪ್ಪಾ, ನಿಂದು ಪುಂಡಿ. ಬರೇ ಪುಂಡಿ. ಮೆಂತ್ಯೆ ನಿಂದಲ್ಲ, ನಿಂಬಿ ನಿಂದಲ್ಲ, ಹೊಲದಾಗಿನ ಹಸರು ನಿಂದಲ್ಲ. ಹಸರೆಲ್ಲಾ ಒಂದ ಕುಲ ಅಂದಾಕಿ ನಾನು, ಅದು ಹಂಗಲ್ಲ. ಪುಂಡಿ ನಾ ಹೊರತೀನಿ. ಅತ್ತೀ, ನಿಂದು ಟಮಾಟಿ, ಅದೂ ನಾ ಹೊರತೀನಿ. ಈಗ ಇಕಿ ಬಾಯಿ ಬಿಡ್ರಿ.'

ದೀಪ ಒಮ್ಮೆ ತಗ್ಗಿ ಮತ್ತೆ ಎದ್ದಿತು. ಅವ್ವ ಬಾಯಿ ತೆರೆದಳು. ನಾನು ತುತ್ತಿಟ್ಟೆ. ಹುಳಿ ಒಡೆದ ಒಸಡಿಗೆ ತಾಗಿ ಅವಳ ಕಣ್ಣಲ್ಲಿ ನೀರು ಬಂತು, ಆದರೂ ಅಗಿದಳು, ನುಂಗಿದಳು. ಆಮೇಲೆ ಟಮಾಟಿ ಚಟ್ನಿಯನ್ನೂ. ಗಜ್ಜರಿಗೆ ಕೈ ಹಾಕಿದಾಗ ನನ್ನ ಮಣಿಕಟ್ಟು ಹಿಡಿದಳು.

'ಅದು ಇರ್ಲಿ. ಅಕೀಗಿನ್ನೂ ಹಲ್ಲ ಬಂದಿಲ್ಲ.'

ನಾನು ಕೈ ಹಿಂದಕ್ಕೆ ತೆಗೆದೆ.

ಅವ್ವ ಅಂದಿನಿಂದ ಉಂಡಳು. ಪೇರಲ, ನಿಂಬೆ, ಮೆಂತ್ಯೆ, ಪುಂಡಿ ಎಲ್ಲ ತಿಂದಳು. ಮಾಡದಲ್ಲಿದ್ದದ್ದನ್ನು ಬಿಟ್ಟು ಹೊಸ ಗುಳಿಗೆ ತರಿಸಿ ಅದನ್ನೂ ತಿನ್ನಿಸಿದೆ. ಕೇಸರಿ ಬಣ್ಣವಾದರೇನು, ಗಜ್ಜರಿಯಲ್ಲವಲ್ಲ ಅಂದಳು. ಒಸಡು ಗಟ್ಟಿಯಾಯಿತು, ನೀಲಿ ಕಲೆಗಳು ಹೋದವು, ಗಾಯ ಮೆಲ್ಲಗೆ ತುಟಿ ಕೂಡಿಸಿತು. ಅದು ಸಿ ಜೀವಸತ್ವದ ಕೆಲಸ, ಬೇರೇನೂ ಅಲ್ಲ. ನಾನು ಪುಂಡಿ, ಟಮಾಟಿ ಎರಡನ್ನೂ ತಿನ್ನುವುದಿಲ್ಲ. ಅವಕ್ಕೆ ಬದಲು ಏನು ತಿನ್ನಬೇಕೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನುಗ್ಗೆ ಸೊಪ್ಪು, ನೆಲ್ಲಿ, ಪೇರಲ, ಕಲ್ಲಂಗಡಿ ತಿಂದು ಗಟ್ಟಿಯಾಗೇ ಇದ್ದೇನೆ. ಇದು ನಂಬಿಕೆಯೇ ಎಂದು ಗಂಡ ಕೇಳಿದರು. ಕೊಟ್ಟ ಮಾತು ಅಂದೆ. ಒಮ್ಮೆ ಯಾರದೋ ಮದುವೆಯಲ್ಲಿ ಮರೆತು ಗೋಂಗೂರ ಚಟ್ನಿ ಬಾಯಿಗಿಟ್ಟಿದ್ದೆ. ಹುಳಿ ಇರಲಿಲ್ಲ, ಉಪ್ಪಿರಲಿಲ್ಲ, ಖಾರ ಇರಲಿಲ್ಲ. ಆಗಲೇ ಯಾರೋ ತಿಂದು ಮುಗಿಸಿದ ಹಾಗಿತ್ತು. ನೆಗಡಿಯಾಗಿತ್ತು ಅಂತ ಕಾಣುತ್ತದೆ.

ಮೊನ್ನೆ ತವರಿಗೆ ಹೋಗಿದ್ದೆ. ನಾನೂ ಅವ್ವನೂ ಎದುರು ಬದುರು ಕೂತು ಉಣ್ಣುತ್ತಿದ್ದೆವು. ಅವಳ ತಟ್ಟೆಯಲ್ಲಿ ರೊಟ್ಟಿ, ಪುಂಡಿ, ಮೇಲೆ ಹಸಿ ಉಳ್ಳಾಗಡ್ಡಿ. ನನ್ನ ತಟ್ಟೆಯಲ್ಲಿ ಅನ್ನ, ಮೆಂತ್ಯೆ ಬ್ಯಾಳಿ. ಅವಳು ತುತ್ತು ಮುರಿಯುತ್ತ, ನಾಳೆಯ ಸಂತೆಯ ಮಾತು ಹೇಳುವವಳ ಹಾಗೆ ಹೇಳಿದಳು.

'ನಾ ಹೋದಮ್ಯಾಲ ನನ್ನ ಹೆಸರಿಲೆ ನೀ ಬಿಳೀ ಅನ್ನ ಬಿಡು.'

'ಯಾಕವ್ವ ಈ ಮಾತು?'

'ಅದರಾಗ ಬಣ್ಣ ಇಲ್ಲಲ್ಲ. ಬಿಟ್ರ ನಿನಗೇನೂ ಆಗಂಗಿಲ್ಲ. ನಿನ್ನ ಬಿಟ್ರ ಈ ಮನ್ಯಾಗ ಹೊರಗ ಕೊಟ್ಟ ಮಗಳಿಲ್ಲ, ನಿನ್ನ ಬಾಯಿ ಬಿಡಸಾಕ ಯಾರೂ ಇಲ್ಲ.'

ಎಲ್ಲ ಬಣ್ಣಗಳೂ ಬಿಟ್ಟು ಹೋದಾಗ ಅವಳ ತಟ್ಟೆಯಲ್ಲಿ ಉಳಿದಿದ್ದದ್ದು ಆ ಬಿಳಿ ಅನ್ನ ಒಂದೇ. ಈಗ ಅದನ್ನೇ ತನ್ನ ಪಾಲಿಗೆ ಆರಿಸಿಕೊಂಡಿದ್ದಾಳೆ. ತಲೆ ತಗ್ಗಿಸಿ ತಟ್ಟೆ ನೋಡಿದೆ. ನಾನಿನ್ನೂ ಕೈ ಹಾಕದ ಅನ್ನದ ಗುಡ್ಡೆಯ ಒಂದು ಬದಿ ಬೆರಳಿಂದ ತೆಗೆದ ಹಾಗೆ ಸ್ವಲ್ಪ ತಗ್ಗಾಗಿತ್ತು. ಅವ್ವ ನನ್ನೆದುರಿಗೇ ಕೂತು ಪುಂಡಿ ಉಣ್ಣುತ್ತಿದ್ದಳು. ಅವಳ ಕೈ ನೋಡಿದೆ, ಬೆರಳಿಗೆ ಹತ್ತಿದ್ದು ಹಸಿರೇ. ತಟ್ಟೆಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಅವಳು ಇದ್ದಾಳೆ, ಇನ್ನೂ ಇದ್ದಾಳೆ ಅಂದುಕೊಳ್ಳುತ್ತ ಒಂದು ಅಗುಳೂ ಬಿಡದೆ ಉಂಡೆ.